ಏಳನೇ ಟ್ರಂಕಿನ ಕಲ್ಲು

ನಮ್ಮ ಸಾರ್ ಕಲ್ಲು ತಿನ್ನುತ್ತಿದ್ದರು. ಇದನ್ನು ಹೀಗೆ ನೇರವಾಗಿ ಹೇಳಿಬಿಟ್ಟರೆ ಅವರ ಬಗ್ಗೆ ಹೇಳಬೇಕಾದದ್ದರಲ್ಲಿ ಅರ್ಧ ಮುಗಿದ ಹಾಗೆ. ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗಲೂ ನನ್ನ ಕಣ್ಣ ಮುಂದೆ ಮೊದಲು ಬಂದದ್ದು ಅವರ ಮುಖವಲ್ಲ, ಮುಂದಿನ ಎರಡು ಹಲ್ಲು. ಕಪ್ಪು ಕಲ್ಲಿನ ಒಂದು ಚಿಕ್ಕ ಚೂರನ್ನು ಅವುಗಳ ನಡುವೆ ಇಟ್ಟು, ಕಣ್ಣು ಮುಚ್ಚಿ, ಅನ್ನ ಬೆಂದಿದೆಯೇ ಎಂದು ನೋಡುವವರ ಹಾಗೆ ಮೆಲ್ಲಗೆ ಕಡಿಯುತ್ತಿದ್ದರು. ಆಮೇಲೆ ಕಿಟಕಿಯಿಂದಾಚೆ ಉಗಿದು, ಕರವಸ್ತ್ರದಿಂದ ತುಟಿ ಒರೆಸಿಕೊಂಡು ತೀರ್ಪು ಹೇಳುತ್ತಿದ್ದರು.

ಇದೇನೂ ಹುಚ್ಚಲ್ಲ. ಭೂವಿಜ್ಞಾನದವರಲ್ಲಿ ಹೀಗೆ ಮಾಡುವವರು ಇದ್ದಾರೆ. ಶೇಲ್ ಎಂದರೆ ಒಂದಾನೊಂದು ಕಾಲದ ಕಡಲಿನ ತಳದ ಕೆಸರು, ಹಾಳೆ ಹಾಳೆಯಾಗಿ ಕಲ್ಲಾದದ್ದು. ಅದರಲ್ಲಿ ಮರಳಿನ ಪುಡಿ ಇದ್ದರೆ ಹಲ್ಲಿಗೆ ಕರಕರ ಎನ್ನುತ್ತದೆ, ಬರೀ ಜೇಡಿಮಣ್ಣಾಗಿದ್ದರೆ ನುಣ್ಣಗೆ ಜಾರುತ್ತದೆ. "ಮೊದಲು ಹಲ್ಲಿಗೆ ಕೇಳು ಕಣ್ಣು, ಅಪ್ಪುರಂ ಮಿಷಿನ್‌ಗೆ ಕೇಳು" ಎನ್ನುವುದು ಸಾರ್ ಮಾತು. ಕೊಯಮತ್ತೂರು ಕಡೆಯ ಕೊಂಗುನಾಡಿನವರು ಮಕ್ಕಳಂಥವರನ್ನು 'ಕಣ್ಣು' ಎಂದೇ ಕರೆಯುತ್ತಾರೆ. ಸಾರ್ ಕನ್ನಡದಲ್ಲೂ ಹಾಗೇ ಕರೆಯುತ್ತಿದ್ದರು.

ತೊಂದರೆ ಇದ್ದದ್ದು ಬೇರೆ ಕಡೆ. ಸಾರ್ ಹತ್ತಿರವಿದ್ದ ಕಲ್ಲು ಮಾಮೂಲಿ ಶೇಲ್ ಅಲ್ಲ, ಯುರೇನಿಯಂ ಇರುವ ಕಪ್ಪು ಶೇಲ್.

ಹುಡುಗರಾಗಿದ್ದಾಗ ಅವರು ಹಿಮಾಲಯದ ತಪ್ಪಲಿನ ಒಂದು ಬಂಡೆಯನ್ನು ಕೆಳಗಿನಿಂದ ಮೇಲಿನವರೆಗೆ ಪದರ ಪದರವಾಗಿ ಒಡೆದು, ಒಂಬತ್ತು ಪದರಕ್ಕೆ ಒಂಬತ್ತು ತಗಡಿನ ಟ್ರಂಕು ತುಂಬಿಸಿಕೊಂಡು ರೈಲಿನಲ್ಲಿ ಕೊಯಮತ್ತೂರಿಗೆ ತಂದಿದ್ದರು. ಸ್ಟೇಷನ್ನಿನ ಕೂಲಿಯವನು "ಏನು ಸಾರ್ ಇದು, ಕಲ್ಲಾ?" ಎಂದು ಗೊಣಗಿದನಂತೆ. ಇವರು "ಕಲ್ಲೇ" ಎಂದರಂತೆ. ಅವನು ಟ್ರಂಕನ್ನು ಅಲ್ಲೇ ಇಟ್ಟು ಹೊರಟುಹೋದನಂತೆ. ಕೊಯಮತ್ತೂರಿನ ಸುತ್ತಮುತ್ತ ಎಲ್ಲಿ ಅಗೆದರೂ ಶೇಲ್ ಸಿಗುವುದಿಲ್ಲ. ಇಲ್ಲಿನ ಬಂಡೆಗಳೆಲ್ಲ ಭೂಮಿಯ ಒಳಗೆ ಬೆಂದು ಬೆಂದು ಬೇರೇನೋ ಆಗಿಹೋದವು. ಆದ್ದರಿಂದ ಜೀವನವೆಲ್ಲ ತಮ್ಮೂರಿನಲ್ಲಿ ಇಲ್ಲದ ಕಲ್ಲಿನ ಪಾಠ ಹೇಳಿದ ಮನುಷ್ಯ ಅವರು.

ಆ ಒಂಬತ್ತು ಟ್ರಂಕಿನಲ್ಲಿ ಸಾರ್ ತಿನ್ನುತ್ತಿದ್ದದ್ದು ಏಳನೆಯದರಿಂದ ಮಾತ್ರ. ಪ್ರತಿವರ್ಷ ಮೊದಲ ತರಗತಿಯಲ್ಲಿ ಒಂದು ಚೂರು ಕಡಿದು ತೋರಿಸುತ್ತಿದ್ದರು. ಹುಡುಗಿಯರು ಹೌಹಾರಿದರೆ ಎದೆ ತಟ್ಟಿಕೊಂಡು, "ಇದರಲ್ಲಿ ಯುರೇನಿಯಂ ಇಲ್ಲ ಅಂತ ರಿಪೋರ್ಟೇ ಇದೆ. ಬರೆದದ್ದು ಯಾರು? ನಾನೇ" ಎನ್ನುತ್ತಿದ್ದರು.

ನಾನು ಹಿರಿಯೂರಿನ ಕಡೆಯವಳು. ಗಂಡನಿಗೆ ಕುರಿಚಿಯ ಫೌಂಡ್ರಿಯೊಂದರಲ್ಲಿ ಕೆಲಸ ಸಿಕ್ಕಿತೆಂದು ಕೊಯಮತ್ತೂರಿಗೆ ಬಂದೆ. ಎಮ್ಮೆಸ್ಸಿ ಓದಿ ಮನೆಯಲ್ಲಿ ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ, ಕೂರಿಸಿದರೆ ಮನೆಯವರಿಗೇ ಕಷ್ಟ. ಪಿಎಚ್‌ಡಿಗೆ ಜಾಗವಿದೆಯೇ ಎಂದು ಕೇಳಲು ಹೋದೆ. ಮೂರು ದಿನ ಬಾಯಿಪಾಠ ಮಾಡಿದ್ದ ತಮಿಳು ವಾಕ್ಯವನ್ನು ಹೇಗೋ ಹೇಳಿ ಮುಗಿಸಿ ಬೆವರು ಒರೆಸಿಕೊಂಡೆ. ಮೇಜಿನ ಆಚೆಯಿಂದ ಸಾರ್ ಕನ್ನಡದಲ್ಲಿ ಕೂಗಿದರು: "ಯಾಕಮ್ಮ ಇಷ್ಟು ಕಷ್ಟ ಪಡ್ತೀಯ? ಕನ್ನಡದಲ್ಲೇ ಸೊಲ್ಲು. ನಮ್ಮನೇಲೂ ಕನ್ನಡ ತಾನೆ."

ಕೂಗಿದರು ಎಂದದ್ದು ಕೋಪಕ್ಕಲ್ಲ. ಅವರು ಮಾತಾಡುತ್ತಿದ್ದದ್ದೇ ಹಾಗೆ. ಅವಿನಾಶಿ ಪಕ್ಕದ ನೇಕಾರರ ಬೀದಿಯಲ್ಲಿ ಹುಟ್ಟಿ ಬೆಳೆದವರು. ಮೊದಲು ಕೈಮಗ್ಗ, ಆಮೇಲೆ ಪವರ್‌ಲೂಮು, ಅದರ ಗದ್ದಲದ ಮೇಲೆ ಮಾತು ಕೇಳಿಸಬೇಕಾದರೆ ಗಂಟಲು ಹಾಗೇ ಆಗುತ್ತದೆ. ಲೈಬ್ರರಿಯಲ್ಲಿ ಅವರು ಗುಟ್ಟು ಹೇಳಿದರೆ ಗೇಟಿನ ವಾಚ್‌ಮನ್‌ಗೆ ತಿಳಿಯುತ್ತಿತ್ತು. ತಲೆಮಾರುಗಳ ಹಿಂದೆ ಆ ಕಡೆಗೆ ಬಂದು ನೆಲೆಸಿದ ಕನ್ನಡದ ಮನೆ. ಮಾತೆಲ್ಲ ಕನ್ನಡ, ರಾಗವೆಲ್ಲ ತಮಿಳು, ಓದುಬರಹ ಪೂರ್ತಿ ತಮಿಳು. ಕನ್ನಡದ ಒಂದು ಅಕ್ಷರ ಅವರಿಗೆ ಬರುತ್ತಿರಲಿಲ್ಲ. ನನಗೆ ತಮಿಳು ಅಕ್ಷರ ಬರುತ್ತಿರಲಿಲ್ಲ, ಉಕ್ಕಡಂ ಬಸ್ಸೆಂದು ಹತ್ತಿ ಬೇರೆಲ್ಲೋ ಇಳಿಯುತ್ತಿದ್ದೆ. ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಅವರು ನನಗೆ ಬಸ್ ಬೋರ್ಡು ಓದಲು ಕಲಿಸುವುದು, ನಾನು ಅವರಿಗೆ ಅ ಆ ಇ ಈ ಕಲಿಸುವುದು. ನಾನು ಆರು ತಿಂಗಳಲ್ಲಿ ಬೋರ್ಡು ಓದಿದೆ. ಸಾರ್ ಒತ್ತಕ್ಷರಕ್ಕೆ ಬಂದು ನಿಂತರು. "ಅಕ್ಷರದ ಕಾಲ ಕೆಳಗೆ ಇನ್ನೊಂದು ಅಕ್ಷರ ಯಾಕೆ ಕಟ್ಟಬೇಕು? ಬಿಡು, ನಾಳೆ ಪಾರ್ಕಲಾಂ, ನೋಡಣ" ಎಂದು ನೋಟುಪುಸ್ತಕ ಮುಚ್ಚುತ್ತಿದ್ದರು.

ಟ್ರಂಕುಗಳು ಇದ್ದದ್ದು ಕಾಲೇಜಿನಲ್ಲಲ್ಲ, ಅದೇ ನೇಕಾರರ ಬೀದಿಯ ಅವರ ಮನೆಯಲ್ಲಿ, ಮಂಚದ ಕೆಳಗೆ. ಪ್ರತಿ ಕಲ್ಲನ್ನೂ ತಿರುಪ್ಪೂರಿನ ಬನಿಯನ್ ಕತ್ತರಿಸಿ ಉಳಿದ ಬಟ್ಟೆಚೂರಿನಲ್ಲಿ ಸುತ್ತಿಟ್ಟಿದ್ದರು. ಆದರೂ ಅವು ತೆಪ್ಪಗಿರಲಿಲ್ಲ. ಕಪ್ಪು ಶೇಲಿನೊಳಗೆ ಪೈರೈಟ್ ಎಂಬ ಗಂಧಕ-ಕಬ್ಬಿಣದ ಖನಿಜ ಇರುತ್ತದೆ. ಮಳೆಗಾಲದ ತೇವ ತಗುಲಿದರೆ ಅದು ಆಮ್ಲ ಕಾರುತ್ತದೆ. ಒಂದು ಮಳೆಗಾಲದಲ್ಲಿ ಹೀಗೇ ಆಗಿ ಕಾಗದದ ಚೀಟಿಗಳೆಲ್ಲ ಪುಡಿಯಾಗಿ, ಒಂದು ಟ್ರಂಕಿನ ತಳವೇ ತೂತಾಯಿತು. ರೈಲಿನಲ್ಲಿ ಬಂದ ಟ್ರಂಕೊಂದು ಮುರಿದಾಗ ಅದರ ಬದಲಿಗೆ ಸಾರ್ ಎತ್ತಿಕೊಂಡಿದ್ದ ಆ ಟ್ರಂಕು ಅವರ ಹೆಂಡತಿ ತವರಿನಿಂದ ತಂದದ್ದು. ನಾನು ಅವರನ್ನು ಅಮ್ಮ ಎನ್ನುತ್ತಿದ್ದೆ. ನಾನು ಮೊದಲ ಸಲ ಆ ಮನೆಗೆ ಹೋದಾಗ ಅಮ್ಮ ಕಾಪಿ ಕೊಡುವ ಮೊದಲು ಟ್ರಂಕಿನ ತೂತು ತೋರಿಸಿದರು. "ನನ್ನ ಪಟ್ಟುಸೀರೆ ಪೆಟ್ಟಿ ಇದು. ಇವರ ಕಲ್ಲು ತಿಂದ್ಬಿಡ್ತು. ಇವರು ಕಲ್ಲು ತಿಂತಾರೆ, ಕಲ್ಲು ನನ್ನ ಪೆಟ್ಟಿ ತಿಂತದೆ." ಕಲ್ಲು ತಿನ್ನಬೇಡಿ ಎಂದು ಅವರು ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದರು. ಸಾರ್ ಅದೊಂದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ.

ಚೀಟಿ ಹೋದ ಮೇಲೆ ಸಾರ್ ಎನಾಮಲ್ ಪೇಂಟು ತಂದು ಟ್ರಂಕಿನ ಮುಚ್ಚಳದ ಮೇಲೇ ತಮಿಳಿನಲ್ಲಿ ಬರೆದಿಟ್ಟರು. ಎಂಟು ಟ್ರಂಕಿನ ಮೇಲೂ "ಇರುಕ್ಕು", ಅಂದರೆ ಯುರೇನಿಯಂ ಇದೆ. ಏಳನೆಯದರ ಮೇಲೆ ಮಾತ್ರ "ಇಲ್ಲೈ".

ಯುರೇನಿಯಂ ಎಂಬ ಪದ ಬೀದಿಗೆ ಬಿದ್ದಾಗ ನಡೆದದ್ದನ್ನೂ ಹೇಳಬೇಕು. ಪಕ್ಕದ ಮನೆಯಾಕೆ ಬಂದು, ಮಂಚದ ಕೆಳಗೆ ಬಾಂಬು ಇದೆಯಂತಲ್ಲ ಎಂದು ವಿಚಾರಿಸಿದರು. ಸಾರ್ ವಿನಯದಿಂದ "ಇಲ್ಲೀಂಗ" ಎಂದು ತಮಿಳಿನಲ್ಲಿ ಅರ್ಧ ಗಂಟೆ ಪಾಠ ಹೇಳಿದರು. ಸಾಲದೆಂದು ಕಾಲೇಜಿನಿಂದ ವಿಕಿರಣ ಕಂಡರೆ ಟಿಕ್ ಟಿಕ್ ಎಂದು ಬಡಿಯುವ ಪೆಟ್ಟಿಗೆ ತಂದು ಆಕೆಯ ಮನೆಗೇ ಹೋಗಿ, ಹೊಸದಾಗಿ ಹಾಕಿಸಿದ್ದ ಗ್ರಾನೈಟು ಅಡುಗೆಕಟ್ಟೆಯ ಮೇಲೆ ಇಟ್ಟು, "ನೋಡಿ, ನಿಮ್ಮನೆ ಕಲ್ಲೂ ಬಡೀತದೆ. ಎಲ್ಲಾ ಕಲ್ಲೂ ಸ್ವಲ್ಪ ಬಡೀತದೆ. ಭಯ ಬೇಡ" ಎಂದರು. ಭಯ ಹೋಗಲಿಲ್ಲ, ಮನೆ ಬದಲಾಯಿಸಿತು. ಆಕೆ ಎರಡು ದಿನ ಆ ಕಟ್ಟೆಯ ಮೇಲೆ ಒಲೆ ಹಚ್ಚಲಿಲ್ಲ. ಮೂರನೆಯ ದಿನ ಆಕೆಯ ಗಂಡ ಜಗಳಕ್ಕೆ ಬಂದರು. ಅಮ್ಮ ಅವರಿಗೆ ಇಡ್ಲಿ ಹಾಕಿ ಕಳಿಸಬೇಕಾಯಿತು.

ಪಾಠ ಹೇಳುವುದರಲ್ಲಿ ಮಾತ್ರ ಸಾರ್‌ಗೆ ಸಮನಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಶೇಲಿನ ತೆಳು ಹಾಳೆ ಇಟ್ಟು, ಮೊದಲು ಜೇಡಿಯ ಖನಿಜ ತೋರಿಸುತ್ತಿದ್ದರು, ಅಭ್ರಕದ ಹಾಗೆ ಪದರ ಪದರ. ನಡುವೆ ಹಿಟ್ಟಿಗಿಂತ ಸಣ್ಣ ಬೆಣಚುಕಲ್ಲಿನ ಪುಡಿ. ಆಮೇಲೆ ಪೈರೈಟಿನ ಪುಟ್ಟ ಪುಟ್ಟ ಗೋಲಿಗಳು, ಒಂದಕ್ಕೊಂದು ಅಂಟಿಕೊಂಡು ಉಂಡೆಯಾದವು. "ಬೂಂದಿ ಲಾಡು ತಾನೆ?" ಎನ್ನುತ್ತಿದ್ದರು, ಅದು ಹೌದು. ಕೆಲವು ಪದರದಲ್ಲಿ ಮೂಳೆಯಲ್ಲಿರುವಂಥ ಫಾಸ್ಫೇಟು. ಇವೆಲ್ಲದರ ಮಧ್ಯೆ ಎಲ್ಲೆಲ್ಲೂ ಹಬ್ಬಿದ ಒಂದು ಕಪ್ಪು. ಅದು ಖನಿಜವಲ್ಲ, ಜೀವ. ಕಡಲ ಮೇಲೆ ತೇಲುತ್ತಿದ್ದ ಪಾಚಿ ಸತ್ತು, ಗಾಳಿಯಾಡದ ತಳಕ್ಕೆ ಇಳಿದು, ಕೊಳೆಯದೆ ಉಳಿದದ್ದು. "ಕೊಳೆಯಕ್ಕೂ ಗಾಳಿ ಬೇಕು ಕಣ್ಣು" ಎನ್ನುತ್ತಿದ್ದರು. ಆ ಕಪ್ಪು ಮಾಮೂಲಿ ದ್ರಾವಕಗಳಿಗೆ ಕರಗುವುದಿಲ್ಲ. ಕಲ್ಲಿಗೆ ಬಣ್ಣ ಬಂದದ್ದು ಅದರಿಂದಲೇ ಹೊರತು ಯುರೇನಿಯಂನಿಂದಲ್ಲ.

ಹಾಗಾದರೆ ಯುರೇನಿಯಂ ಎಲ್ಲಿ? ಕಡಲ ನೀರಿನಲ್ಲಿ ಕರಗಿ ಬಂದದ್ದನ್ನು ಹಿಡಿದಿಟ್ಟುಕೊಂಡವರು ಯಾರು, ಖನಿಜವೋ ಪಾಚಿಯ ಕಪ್ಪೋ? ಸಾರ್ ಬದುಕೆಲ್ಲ ನಿಂತದ್ದು ಈ ಪ್ರಶ್ನೆಯ ಮೇಲೆ. ಅವರ ಉತ್ತರ ಫಾಸ್ಫೇಟು. ಆಧಾರ ಏಳನೇ ಟ್ರಂಕು. ಏಳನೇ ಪದರ ಎಲ್ಲಕ್ಕಿಂತ ಕಪ್ಪು, ಅದರಲ್ಲಿ ಫಾಸ್ಫೇಟು ಇಲ್ಲವೇ ಇಲ್ಲ, ಮತ್ತು ಅವರ ಲೆಕ್ಕದಲ್ಲಿ ಯುರೇನಿಯಂ ಸೊನ್ನೆ. ಎಂದ ಮೇಲೆ ಕಪ್ಪು ಏನನ್ನೂ ಹಿಡಿಯುವುದಿಲ್ಲ ಎಂದಾಯಿತಲ್ಲ. ಅವರ ಹೆಸರಿಗೆ ಇದ್ದ ಒಂದೇ ದೊಡ್ಡ ರಿಪೋರ್ಟು ಅದು. ಸಣ್ಣ ಕಾಲೇಜಿನ ಮೇಷ್ಟರೊಬ್ಬರು ಸ್ವಂತ ಕೈಯಿಂದ ಕಂಡುಹಿಡಿದದ್ದು.

ನನ್ನ ಪಿಎಚ್‌ಡಿ ಅದರದ್ದೇ ಮುಂದುವರಿಕೆ. ಒಂಬತ್ತೂ ಟ್ರಂಕಿನ ಚೂರುಗಳನ್ನು ದೊಡ್ಡ ಪ್ರಯೋಗಾಲಯವೊಂದಕ್ಕೆ ಕಳಿಸಿದೆ. ಅವರು ಕಲ್ಲನ್ನು ಪೂರ್ತಿ ಕರಗಿಸಿ ಅಳೆಯುತ್ತಾರೆ. ಏಳನೆಯದನ್ನು ಕಳಿಸಿದ್ದು ಸೊನ್ನೆ ಹೇಗಿರುತ್ತದೆ ಎಂದು ಹೋಲಿಸಿ ನೋಡಲು ಮಾತ್ರ. ಫಲಿತಾಂಶ ಬಂತು. ಎಲ್ಲಕ್ಕಿಂತ ಹೆಚ್ಚು ಯುರೇನಿಯಂ ಇದ್ದದ್ದು ಏಳನೆಯದರಲ್ಲಿ.

ಪೊಟ್ಟಣ ಅದಲುಬದಲಾಗಿರಬೇಕೆಂದು ಮತ್ತೆ ಕಳಿಸಿದೆ. ಮತ್ತೆ ಅದೇ. ಕೊನೆಗೆ ಅಮ್ಮ ಒಬ್ಬರೇ ಇದ್ದಾಗ ಮನೆಗೆ ಹೋಗಿ, ವಿಕಿರಣದ ಪೆಟ್ಟಿಗೆಯನ್ನು ಏಳನೇ ಟ್ರಂಕಿನೊಳಗೆ ಇಟ್ಟೆ. ಅದು ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯತೊಡಗಿತು. ಪಕ್ಕದ ಮನೆಯ ಅಡುಗೆಕಟ್ಟೆಯನ್ನೂ ಅಳೆದ ಮನುಷ್ಯ, ಇಲ್ಲ ಎಂದು ತಾವೇ ಬರೆದ ಟ್ರಂಕಿಗೆ ಒಮ್ಮೆಯೂ ಅದನ್ನು ಹಿಡಿದಿರಲಿಲ್ಲ.

ನನಗೆ ಹೆದರಿಕೆಯಾಯಿತು. ಸಾರ್ ಸಹಿ ಇಲ್ಲದೆ ನನ್ನ ಪ್ರಬಂಧ ಮುಂದೆ ಹೋಗುವುದಿಲ್ಲ, ನಾಲ್ಕು ವರ್ಷದ ದುಡಿಮೆ ಮಣ್ಣುಪಾಲು. ಅವರು ಸಹಿ ಹಾಕಿದರೆ ಅವರ ಒಂದೇ ರಿಪೋರ್ಟು ಸುಳ್ಳು ಎಂದು ಅವರೇ ಒಪ್ಪಿಕೊಂಡ ಹಾಗೆ, ಅದೂ ನಿವೃತ್ತಿಗೆ ಒಂದು ವರ್ಷ ಇರುವಾಗ. ಅವರ ಜಾಗದಲ್ಲಿ ನಾನಿದ್ದರೆ ಸಹಿ ಹಾಕುತ್ತಿದ್ದೆನೇ? ಪ್ರಾಮಾಣಿಕವಾಗಿ ಹೇಳುತ್ತೇನೆ, ಇಲ್ಲ.

ಕಾಗದ ತೆಗೆದುಕೊಂಡು ಹೋಗಿ ಮುಂದೆ ಇಟ್ಟೆ. ಸಾರ್ ಎರಡು ಸಲ ಓದಿದರು. ಆಮೇಲೆ ಮೊದಲ ಸಲ ನಾನು ಅವರ ಸಣ್ಣ ದನಿ ಕೇಳಿದೆ.

"ಏಳಾ?"

"ಏಳೇ ಸಾರ್."

"ಸರಿ. ನೀನು ಓಗು."

ಮೂರು ದಿನ ಅವರು ಕಾಲೇಜಿಗೆ ಬಂದರು, ಹೋದರು, ಮೆಲ್ಲಗೆ ಮಾತಾಡಿದರು. ವಾಚ್‌ಮನ್ ಬಂದು ಸಾರ್‌ಗೆ ಮೈ ಸರಿಯಿಲ್ಲವೇ ಎಂದು ನನ್ನನ್ನು ಕೇಳಿದ. ನಾಲ್ಕನೆಯ ದಿನ, "ಬಾ, ತಿರುಪ್ಪೂರಿಗೆ ಓಗಿ ಬರಣ" ಎಂದರು. ಬಸ್ಸಿನಲ್ಲಿ ಹಳೆಯ ನೋಟುಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ತಿರುಪ್ಪೂರಿನಲ್ಲಿ ಅವರ ತಮ್ಮನದು ಸಾಯಪಟ್ಟರೆ, ಅಂದರೆ ಬನಿಯನ್ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಹೊಗೆ, ಹಬೆ, ಮೂಗಿಗೆ ಹತ್ತುವ ಗಂಧಕದ ವಾಸನೆ. ಆ ತಮ್ಮ ಲುಂಗಿ ಎತ್ತಿ ಕಟ್ಟಿಕೊಂಡು ತೊಟ್ಟಿಯ ಪಕ್ಕ ನಿಂತಿದ್ದರು. ಅವರ ಅಪ್ಪ ನೇಯುವುದರ ಜೊತೆಗೆ ನೂಲಿಗೆ ಬಣ್ಣವನ್ನೂ ಹಾಕುತ್ತಿದ್ದವರು, ಒಬ್ಬ ಮಗ ನೇಯ್ಗೆಯ ಬೀದಿಯಲ್ಲೇ ಉಳಿದು ಓದಿದ, ಇನ್ನೊಬ್ಬ ಬಣ್ಣಕ್ಕೆ ಇಳಿದ. ಸಾರ್ ಪೀಠಿಕೆ ಇಲ್ಲದೆ ಕೇಳಿದರು: "ತಂಬಿ, ಬಟ್ಟೆಗೆ ತಪ್ಪು ಬಣ್ಣ ಬಿತ್ತು ಅಂದ್ರೆ ಏನು ಮಾಡ್ತೀಯ?"

"ಏನಣ್ಣಾ ಇದು, ನಿನಗೆ ಗೊತ್ತಿಲ್ಲದ್ದಾ? ಕಾಸ್ಟಿಕ್ ಹಾಕಿ ಹೈಡ್ರೋಸ್ ಕೊಟ್ಟು ಕುದಿಸಿದ್ರೆ ಬಣ್ಣ ಬಿಟ್ಕೊಂಡು ಬರ್ತದೆ. ಅಪ್ಪ ನಮ್ಮಿಬ್ಬರಿಗೂ ಸೇರಿಸಿ ಹೇಳಿಕೊಟ್ಟದ್ದು ತಾನೆ."

ಸಾರ್ ನೋಟುಪುಸ್ತಕ ತೆರೆದು ನನಗೆ ತೋರಿಸಿದರು. ಮೂವತ್ತು ವರ್ಷದ ಹಿಂದಿನ ಅಕ್ಷರ. ಕಾಲೇಜಿನಲ್ಲಿ ಸರಿಯಾದ ಸಲಕರಣೆ ಇರಲಿಲ್ಲ. ಮೊದಲು ತೆಳು ಆಮ್ಲದಲ್ಲಿ ತೊಳೆದಿದ್ದರು, ಫಾಸ್ಫೇಟು ಕರಗಿ ಅದರಲ್ಲಿದ್ದ ಯುರೇನಿಯಂ ಬಂದಿತ್ತು. ಉಳಿದದ್ದನ್ನು ಬಿಡಿಸಲು, ನೇಕಾರರ ಬೀದಿಯ ಮಗ, ತಮ್ಮನ ಪಟ್ಟರೆಯಿಂದ ಬಣ್ಣ ಕೀಳುವ ಆ ಹೈಡ್ರೋಸ್ ಪುಡಿಯನ್ನೇ ಒಂದು ಡಬ್ಬ ತಂದು ಕಲ್ಲನ್ನು ಕುದಿಸಿದ್ದರು. ಏಳನೇ ಪದರದಿಂದ ಏನೂ ಬರಲಿಲ್ಲ. "ಇಲ್ಲೈ" ಎಂದು ಬರೆದರು.

"ಅದರಲ್ಲೂ ಬರದಿದ್ರೆ?" ಎಂದು ಸಾರ್ ತಮ್ಮನನ್ನು ಕೇಳಿದರು.

ಆ ತಮ್ಮ ಪಕ್ಕದಲ್ಲಿದ್ದ ನವಿಲು ನೀಲಿಯ ಬಟ್ಟೆಯೊಂದನ್ನು ಎತ್ತಿ ತೋರಿಸಿದರು. "ಈ ನೀಲಿ ಇದೆ ನೋಡು, ಹೈಡ್ರೋಸ್‌ಗೆ ಬಗ್ಗಲ್ಲ. ಎಷ್ಟು ಕುದಿಸು, ಹಂಗೇ ಕೂತಿರ್ತದೆ. ಬಣ್ಣ ಬಿಡಲಿಲ್ಲ ಅಂತ ಬಟ್ಟೇಲಿ ಬಣ್ಣವೇ ಇಲ್ಲ ಅನ್ನಕ್ಕಾಗ್ತದಾ ಅಣ್ಣಾ? ಕಣ್ಣಿಲ್ಲದವನು ತಾನೆ ಹಂಗೆ ಹೇಳ್ಬೇಕು."

ಆ ತಮ್ಮನಿಗೆ ತಾನೇನು ಹೇಳಿದೆನೆಂದು ಇವತ್ತಿಗೂ ಗೊತ್ತಿಲ್ಲ. ಸಾರ್ ಅಲ್ಲೇ ಒಂದು ಬಟ್ಟೆಗಂಟಿನ ಮೇಲೆ ಕೂತರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನನಗೆ ಗಾಬರಿ. ನೋಡಿದರೆ ನಗು. ಯಂತ್ರಗಳ ಗದ್ದಲವನ್ನು ಮೀರಿಸಿ, ಪಟ್ಟರೆಯ ಆ ತುದಿಯ ಕೆಲಸಗಾರರೂ ತಿರುಗಿ ನೋಡುವ ಹಾಗೆ ನಕ್ಕರು.

"ಕೇಳಿದೆಯಾ ಕಣ್ಣು? ಬಟ್ಟೆ ಬಣ್ಣ ಬಿಡಕ್ಕೆ ಆಮ್ಲಜನಕ ಕಿತ್ಕೋಬೇಕು, ಹೈಡ್ರೋಸ್ ಮಾಡದು ಅದೇ. ಯುರೇನಿಯಂ ಬಿಡಕ್ಕೆ ಆಮ್ಲಜನಕ ಕೊಡಬೇಕು. ನೇರಾ ಉಲ್ಟಾ. ಗಾಳಿ ಇಲ್ಲದ ಕಡಲಲ್ಲಿ ಹೋಗಿ ಕೂತದ್ದನ್ನ ನಾನು ಇನ್ನಷ್ಟು ಗಾಳಿ ಕಿತ್ತು ಭದ್ರ ಮಾಡಿ ಕೂರಿಸಿದೆ. ಕಲ್ಲಿಗೆ ಸೀರೆ ಪಾಠ ಹೇಳಿದೆ." ಆಮೇಲೆ ನಗು ನಿಂತಿತು. "ಮೂವತ್ತು ವರ್ಷ ಎಷ್ಟು ಮಕ್ಕಳಿಗೆ ತಪ್ಪು ಹೇಳ್ಬಿಟ್ಟೆ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವರ ಅಪ್ಪನ ಸಂಗತಿ ಹೇಳಿದರು. ಅಪ್ಪ ಒಮ್ಮೆ ಅಂಚು ತಪ್ಪಿ ಒಂದು ಸೀರೆ ನೇಯ್ದರಂತೆ. ಮಾರಲೂ ಇಲ್ಲ, ಬಿಚ್ಚಲೂ ಇಲ್ಲ. ಮಗ್ಗದ ಕೋಣೆಯ ಬಾಗಿಲಿಗೆ ಪರದೆ ಮಾಡಿ ಕಟ್ಟಿದರಂತೆ, ದಿನಾ ಕೆಲಸಕ್ಕೆ ಹೋಗುವಾಗ ತಲೆಗೆ ತಾಗಲಿ ಎಂದು. "ನಾವು ಚಿಕ್ಕವರು ಅದರ ಹಿಂದೆ ಬಚ್ಚಿಟ್ಕೊಂಡು ಆಡ್ತಿದ್ವಿ" ಎಂದರು. ಅವಿನಾಶಿ ಬಂತು. ಇಳಿಯುವ ಮೊದಲು ನಾನು ಚೀಲದಲ್ಲಿ ಹೊತ್ತು ತಿರುಗುತ್ತಿದ್ದ ಪ್ರಬಂಧದ ಸಹಿ ಹಾಳೆ ಕಿತ್ತುಕೊಂಡು, ಅಲುಗಾಡುವ ಬಸ್ಸಿನಲ್ಲೇ ಸಹಿ ಹಾಕಿದರು. ಆ ಸಹಿ ಇವತ್ತಿಗೂ ಸೊಟ್ಟಗಿದೆ.

ಕೊನೆಯ ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು, ನಿಮ್ಮ ಮಾರ್ಗದರ್ಶಕರ ರಿಪೋರ್ಟಿಗೂ ನಿಮ್ಮ ಫಲಿತಾಂಶಕ್ಕೂ ಹೊಂದುತ್ತಿಲ್ಲವಲ್ಲ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸಾರ್ ಎದ್ದು ನಿಂತರು. ತಮ್ಮ ಹಳೆಯ ಮಗ್ಗದ ದನಿಯಲ್ಲಿ, ತಮಿಳಿನಲ್ಲಿ, ಹೈಡ್ರೋಸ್ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಕೊನೆಗೆ, "ಅವಳದು ಸರಿ, ನನ್ನದು ತಪ್ಪು. ಬರೆದುಕೊಳ್ಳಿ" ಎಂದು ಕೂತರು. ನಾನು ಮಾತ್ರ ನಗಲಿಲ್ಲ. ಅಷ್ಟು ದೊಡ್ಡ ಮನಸ್ಸನ್ನು ಅಷ್ಟು ಹತ್ತಿರದಿಂದ ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಮನೆಯಲ್ಲಿ ಬೇರೆ ರಾದ್ಧಾಂತವಾಯಿತು. ಇಷ್ಟು ವರ್ಷ ತಿಂದದ್ದು ಯುರೇನಿಯಂ ಕಲ್ಲು ಎಂದು ತಿಳಿದ ಅಮ್ಮ, ಅವರನ್ನು ಆಟೋದಲ್ಲಿ ಕೂರಿಸಿ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಕಲ್ಲಿನಿಂದ ಏನೂ ಆಗಿಲ್ಲ, ಸಕ್ಕರೆ ಕಾಯಿಲೆ ಮಾತ್ರ ಇದೆ ಎಂದರು. ಅದಕ್ಕೆ ಕಾರಣ ಶೇಲ್ ಅಲ್ಲ, ಮೈಸೂರು ಪಾಕು.

ನಿವೃತ್ತಿಯ ನಂತರ ಫೋನಿನಲ್ಲಿ ಆಗಾಗ ಮಾತಾಡುತ್ತಿದ್ದೆವು. ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದೇ ಮಾತಾಡಬೇಕಿತ್ತು. ಒತ್ತಕ್ಷರ ಬಂತಾ ಸಾರ್ ಎಂದು ರೇಗಿಸಿದರೆ, "ಬರ್ತಾ ಇದೆ, ಬಸ್ ಇನ್ನೂ ಅವಿನಾಶಿ ದಾಟಿಲ್ಲ" ಎನ್ನುತ್ತಿದ್ದರು.

ಸಾರ್ ತೀರಿಕೊಂಡು ಕ್ರಿಯೆಗಳೆಲ್ಲ ಮುಗಿದ ಮೇಲೆ ಅಮ್ಮ ಹೇಳಿ ಕಳಿಸಿದರು. ಹೋದೆ. ಎಂಟು ಟ್ರಂಕುಗಳನ್ನು ಕಾಲೇಜಿನವರು ಮೊದಲೇ ತೆಗೆದುಕೊಂಡು ಹೋಗಿದ್ದರು. ಮಂಚದ ಕೆಳಗೆ ಒಂದೇ ಒಂದು ಉಳಿದಿತ್ತು.

"ಇದು ನಿನಗೇ ಕೊಡಬೇಕು ಅಂತ ಹೇಳಿಟ್ಟವ್ರೆ ಕಣ್ಣು. ಮೇಲೆ ಅದೇನೋ ಬರೆದವ್ರೆ. ಓದದು ನಮ್ಮ ಬೀದೀಲಿ ಯಾರಿಗೂ ಬರಲ್ಲ. ಏನು ಅಂತ ಕೇಳಿದ್ರೆ, ಅವಳು ಬಂದು ಓದ್ತಾಳೆ ಬಿಡು ಅಂದ್ರು."

ಟ್ರಂಕನ್ನು ಬೆಳಕಿಗೆ ಎಳೆದೆ. ಮುಚ್ಚಳದ ಮೇಲೆ ತಮಿಳಿನ ಹಳೆಯ "ಇಲ್ಲೈ" ಹಾಗೇ ಇತ್ತು. ಅಳಿಸಿರಲಿಲ್ಲ, ಗೀಟೂ ಎಳೆದಿರಲಿಲ್ಲ. ಅದರ ಕೆಳಗೆ ಕೆಂಪು ಎನಾಮಲ್ಲಿನಲ್ಲಿ, ಒಂದನೇ ತರಗತಿಯ ಮಗುವಿನ ಹಾಗೆ ದಪ್ಪ ದಪ್ಪಗೆ, ಕನ್ನಡದ ಅಕ್ಷರ. ಒತ್ತಕ್ಷರವೂ ಇತ್ತು, ಸ್ವಲ್ಪ ದೂರದಲ್ಲಿ, ಆದರೆ ಸರಿಯಾಗಿಯೇ ಇತ್ತು.

ನಾನು ಗಟ್ಟಿಯಾಗಿ ಓದಿದೆ: "ಇದೆ. ತಿನ್ನಬೇಡಿ."

ಅಮ್ಮ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಮದುವೆಯಾದಾಗಿಂದ ನಾನು ಹೇಳಿದ್ದೂ ಅದನ್ನೇ ತಾನೆ" ಎಂದರು.